ಜಪಾನಿ, ಕೊರಿಯನ್, ಚೀನಿ ಓದಲು ಬಿಡಿ: ಮಹಾಂತೇಶ ನಗರದ ತಂದೆ-ತಾಯಂದಿರಿಗೆ ಬಹಿರಂಗ ಪತ್ರ

ಮಹಾಂತೇಶ ನಗರ, ರಾಮತೀರ್ಥ ನಗರ, ಅಶೋಕ ನಗರಗಳ ಪಾಲಕರಿಗೆ, ಖಾನಾಪುರದಿಂದ ದಿನವೂ ಮಕ್ಕಳನ್ನು ಬೆಳಗಾವಿಯ ಕಾಲೇಜಿಗೆ ಕಳಿಸುವ ತಂದೆ-ತಾಯಂದಿರಿಗೆ,



ಮನೆಯಲ್ಲಿ ದ್ವಿತೀಯ ಪಿಯುಸಿ ಓದುವ ಮಗನೋ ಮಗಳೋ ಇದ್ದರೆ ಊಟದ ಹೊತ್ತಿನ ಮಾತು ಏನಿರುತ್ತದೆ ಎಂದು ಬಡಾವಣೆಯಲ್ಲಿ ಎಲ್ಲರಿಗೂ ಗೊತ್ತು. ಸಿಇಟಿಯಲ್ಲಿ ಎಷ್ಟನೆಯ ರ‍್ಯಾಂಕ್ ಬರಬಹುದು, ಕಂಪ್ಯೂಟರ್ ಸೈನ್ಸ್ ಸೀಟು ಊರಲ್ಲೇ ಸಿಗುತ್ತದೋ ಹುಬ್ಬಳ್ಳಿಗೆ ಹೋಗಬೇಕೋ, ನೀಟ್ ಅಂಕ ಕಡಿಮೆಯಾದರೆ ಆಯುರ್ವೇದವೋ ನರ್ಸಿಂಗೋ, ಏನೂ ಆಗದಿದ್ದರೆ ಬಿ.ಕಾಂ. ಇದ್ದೇ ಇದೆ. ಈ ಪಟ್ಟಿಗೆ ಇನ್ನೊಂದು ಸಾಲು ಸೇರಿಸಿಕೊಳ್ಳಿ ಎಂದು ಕೇಳುವುದಕ್ಕಾಗಿ ಈ ಪತ್ರ. ಜಪಾನಿ, ಕೊರಿಯನ್, ಚೀನಿ ಭಾಷೆಗಳಲ್ಲಿ ಒಂದನ್ನು, ಆ ದೇಶದ ಚರಿತ್ರೆ, ಸಮಾಜ, ರೀತಿ-ರಿವಾಜುಗಳ ಸಮೇತ ವಿಶ್ವವಿದ್ಯಾಲಯದಲ್ಲಿ ಕ್ರಮವಾಗಿ ಓದುವ ದಾರಿಯೂ ಒಂದಿದೆ.

ಈ ಮಾತು ಎತ್ತಿದ ಮಕ್ಕಳಿಗೆ ಸಿಗುವ ಉತ್ತರವೂ ಗೊತ್ತಿರುವುದೇ. "ಜಪಾನಿ ಭಾಷಾ ಕಲತ್ ಏನ್ ಮಾಡ್ತಿ, ಹೊಟ್ಟಿ ತುಂಬತೈತೇನು?" ಪ್ರಶ್ನೆಯಲ್ಲಿ ತಪ್ಪಿಲ್ಲ. ಸಾಲ ಮಾಡಿ ಓದಿಸುವವರು, ಹೊಲ ಮಾರಿ ಓದಿಸಿದವರು ಈ ಬಡಾವಣೆಯಲ್ಲಿ ಕಡಿಮೆಯಿಲ್ಲ. ಅವರಿಗೆ ಈ ಪ್ರಶ್ನೆ ಕೇಳುವ ಹಕ್ಕು ಪೂರ್ತಿ ಇದೆ. ಆದ್ದರಿಂದ ಹೊಟ್ಟೆಯ ಲೆಕ್ಕದಿಂದಲೇ ಶುರುಮಾಡಬೇಕು. ಆ ಲೆಕ್ಕ ಬೆಳಗಾವಿಯಲ್ಲೇ ಸಿಗುತ್ತದೆ.

ಟಿಳಕವಾಡಿ ಕಡೆಯಿಂದ ಉದ್ಯಮಬಾಗಕ್ಕೆ ಹೋಗಿ ಯಾವುದಾದರೂ ಯಂತ್ರದ ಕಾರ್ಖಾನೆಯ ಒಳಗೆ ನಿಂತು ನೋಡಿ. ಗೋಡೆಯ ಮೇಲೆ 5ಎಸ್ ಫಲಕ ಕಾಣುತ್ತದೆ. ಬೇಕಾದ್ದು ಬೇಡವಾದ್ದು ವಿಂಗಡಿಸು, ಜಾಗಕ್ಕೆ ಹಚ್ಚು, ಸ್ವಚ್ಛ ಮಾಡು, ಅದನ್ನೇ ಪದ್ಧತಿ ಮಾಡು, ಶಿಸ್ತಾಗಿ ಉಳಿಸಿಕೋ ಎಂಬ ಆ ಐದು ನಿಯಮಗಳು ಜಪಾನಿನ ಕಾರ್ಖಾನೆಗಳಿಂದ ಬಂದವು. ಪಕ್ಕದ ಸಿಎನ್‌ಸಿ ಯಂತ್ರದ ಪರದೆಯ ಮೇಲೆ ಫಾನುಕ್ ಎಂಬ ಹೆಸರು ಇರುವ ಸಾಧ್ಯತೆ ಹೆಚ್ಚು. ಅದೂ ಜಪಾನಿನ ಕಂಪನಿ. ಹೆದ್ದಾರಿ ಹಿಡಿದು ಧಾರವಾಡಕ್ಕೆ ಹೋದರೆ ಅಲ್ಲಿ ಟಾಟಾ ಹಿಟಾಚಿಯ ಕಾರ್ಖಾನೆ ಇದೆ. ಮಣ್ಣು ಅಗೆಯುವ ಆ ಹಳದಿ-ಕೇಸರಿ ಯಂತ್ರಗಳನ್ನು ಮಾಡುವ ಕಂಪನಿಯಲ್ಲಿ ದೊಡ್ಡ ಪಾಲು ಜಪಾನಿನದು. ನಿಮ್ಮ ಮನೆಯಿಂದ ಒಂದೂವರೆ ತಾಸಿನ ದಾರಿ.

ಬೆಳಗಾವಿಯ ಹಳೆಯ ಕಥೆಯೊಂದು ಇಲ್ಲಿ ನೆನಪಾಗಲೇಬೇಕು. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1869ರಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. 1910ರ ಹೊತ್ತಿಗೆ ಔಂಧ್ ಸಂಸ್ಥಾನಕ್ಕೆ ಹೋಗಿ ಕಿರ್ಲೋಸ್ಕರವಾಡಿ ಕಟ್ಟಿದರು. ಅದೇ ಮನೆತನದ ನಾಲ್ಕನೆಯ ತಲೆಮಾರಿನ ವಿಕ್ರಮ್ ಕಿರ್ಲೋಸ್ಕರ್ ಕಾಲದಲ್ಲಿ, 1997ರಲ್ಲಿ, ಜಪಾನಿನ ಟೊಯೋಟಾ ಕಂಪನಿ ಕಿರ್ಲೋಸ್ಕರ್ ಜೊತೆ ಸೇರಿ ಬಿಡದಿಗೆ ಬಂತು. ನಮ್ಮೂರ ಸೈಕಲ್ ಅಂಗಡಿಯ ವಂಶ ಟೊಯೋಟಾದವರ ಎದುರು ಕೂತು ಒಪ್ಪಂದ ಮಾಡಿಕೊಂಡಿತು. ಅಂಥ ಮಾತುಕತೆಗಳ ಮೇಜಿನ ಎರಡೂ ಕಡೆಯ ಮಾತು ತಿಳಿಯುವ ಕನ್ನಡದ ಹುಡುಗ-ಹುಡುಗಿಯರು ಎಷ್ಟು ಜನ ಇದ್ದಾರೆ ಎಂಬುದು ಈ ಪತ್ರದ ಚಿಂತೆ.

ಸೈನ್ಯದ ಕಡೆಯಿಂದಲೂ ಇದೇ ಮಾತು. 2008ರ ಡಿಸೆಂಬರಿನಲ್ಲಿ ಭಾರತ-ಚೀನಾ ಸೇನೆಗಳ 'ಹ್ಯಾಂಡ್ ಇನ್ ಹ್ಯಾಂಡ್' ಜಂಟಿ ತಾಲೀಮು ನಡೆದದ್ದು ಬೆಳಗಾವಿಯಲ್ಲಿ. 2022ರ ಫೆಬ್ರುವರಿ 27ರಿಂದ ಮಾರ್ಚ್ 10ರವರೆಗೆ ಜಪಾನಿನ 30ನೆಯ ಪದಾತಿ ರೆಜಿಮೆಂಟಿನ ಸೈನಿಕರು ಇಲ್ಲಿಗೆ ಬಂದು ಮರಾಠಾ ಲಘು ಪದಾತಿ ದಳದ 15ನೆಯ ಬೆಟಾಲಿಯನ್ ಜೊತೆ 'ಧರ್ಮ ಗಾರ್ಡಿಯನ್' ಅಭ್ಯಾಸ ಮಾಡಿದರು. ಕ್ಯಾಂಪ್ ಪ್ರದೇಶದ ಬೇಲಿಯಾಚೆ ಈ ಎರಡೂ ಭಾಷೆಗಳು ಕೇಳಿಸಿಹೋಗಿವೆ. ದೇಶದ ಇನ್ನೆಷ್ಟು ಜಿಲ್ಲಾ ಕೇಂದ್ರಗಳು ಈ ಮಾತು ಹೇಳಿಕೊಂಡಾವು? ಸೈನ್ಯದಲ್ಲಿ ಮಕ್ಕಳಿರುವ ಮನೆಗಳು ಇಲ್ಲಿ ಓಣಿಗೊಂದಿವೆ. ರಕ್ಷಣಾ ಸಚಿವಾಲಯ ದಿಲ್ಲಿಯಲ್ಲಿ ವಿದೇಶಿ ಭಾಷೆಗಳ ಶಾಲೆಯನ್ನೇ ನಡೆಸುತ್ತದೆ ಎಂಬುದು ಅವರಿಗಾದರೂ ತಿಳಿದಿರಲಿ. ವಿದೇಶಾಂಗ ಸೇವೆಗೆ ಆಯ್ಕೆಯಾದ ಪ್ರತಿ ಅಧಿಕಾರಿಗೂ ಒಂದು ವಿದೇಶಿ ಭಾಷೆ ಕಡ್ಡಾಯ. ಚೀನಿ, ಜಪಾನಿ, ಕೊರಿಯನ್ ಮೂರೂ ಆ ಪಟ್ಟಿಯಲ್ಲಿವೆ.

ಬೆಂಗಳೂರಿನ ಮಾತು ಬೇರೆ ಹೇಳಬೇಕಿಲ್ಲ, ಏಕೆಂದರೆ ಮಹಾಂತೇಶ ನಗರದ ಅರ್ಧ ಮನೆಗಳ ಮಕ್ಕಳು ಅಲ್ಲೇ ಇದ್ದಾರೆ. ಹಬ್ಬಕ್ಕೆ ಬಂದಾಗ ಅವರನ್ನೇ ಕೇಳಿ. ಸ್ಯಾಮ್‌ಸಂಗ್, ಎಲ್‌ಜಿ, ಸೋನಿ, ರಾಕುಟೆನ್ ಕಂಪನಿಗಳ ತಂತ್ರಾಂಶ ಕೇಂದ್ರಗಳು ಅಲ್ಲಿವೆ. ತೈವಾನಿನ ಫಾಕ್ಸ್‌ಕಾನ್ ದೇವನಹಳ್ಳಿಯ ಬಳಿ ಐಫೋನ್ ಜೋಡಿಸುತ್ತಿದೆ. ಇಂಥ ಕಡೆ ಎಂಜಿನಿಯರಿಗೆ ಕೊರತೆಯಿಲ್ಲ. ಟೋಕಿಯೋದ ಗಿರಾಕಿ ಏನು ಕೇಳುತ್ತಿದ್ದಾನೆ ಎಂದು ಅವನ ಭಾಷೆಯಲ್ಲೇ ತಿಳಿದುಕೊಂಡು ಇಲ್ಲಿನ ತಂಡಕ್ಕೆ ಬಿಡಿಸಿ ಹೇಳುವವರಿಗೆ ಕೊರತೆ. ಜಪಾನಿನ ಐಟಿ ಲೋಕದಲ್ಲಿ ಅವರಿಗೆ 'ಬ್ರಿಜ್ ಎಂಜಿನಿಯರ್' ಎಂದೇ ಹೆಸರಿದೆ. ಖರೀದಿ, ಗುಣಮಟ್ಟ ತಪಾಸಣೆ, ಪೇಟೆಂಟ್, ಪ್ರವಾಸೋದ್ಯಮ, ದುಭಾಷಿ ಕೆಲಸ, ಕೊನೆಗೆ ಭಾಷೆ ಕಲಿಸುವ ಕೆಲಸ ಎಲ್ಲದರಲ್ಲೂ ಇದೇ ಸ್ಥಿತಿ.

ಇನ್ನು ಆ ದೇಶಗಳಿಗೇ ಹೋಗುವ ಮಾತು. ಜಪಾನಿನಲ್ಲಿ 65 ವರ್ಷ ದಾಟಿದವರು ಜನಸಂಖ್ಯೆಯ ಶೇ. 29ರಷ್ಟು. 2024ರಲ್ಲಿ ಅಲ್ಲಿ ಹುಟ್ಟಿದ ಕೂಸುಗಳು 7 ಲಕ್ಷಕ್ಕಿಂತ ಕಡಿಮೆ. ದಕ್ಷಿಣ ಕೊರಿಯಾದಲ್ಲಿ 2023ರ ಫಲವಂತಿಕೆ ದರ 0.72, ಅಂದರೆ ಹೆಣ್ಣೊಬ್ಬಳಿಗೆ ಸರಾಸರಿ ಒಂದು ಮಗುವೂ ಇಲ್ಲ. ದುಡಿಯುವ ಕೈಗಳಿಗೆ ಆ ದೇಶಗಳು ಹೊರಗೆ ನೋಡಲೇಬೇಕಾಗಿದೆ. 2025ರ ಆಗಸ್ಟಿನಲ್ಲಿ ಭಾರತ-ಜಪಾನ್ ಪ್ರಧಾನಿಗಳು ಒಪ್ಪಿದ ಯೋಜನೆಯ ಪ್ರಕಾರ ಐದು ವರ್ಷಗಳಲ್ಲಿ ಎರಡೂ ಕಡೆ ಸೇರಿ 5 ಲಕ್ಷ ಜನ ಓಡಾಡಬೇಕು, ಅದರಲ್ಲಿ 50,000 ಭಾರತೀಯ ಕುಶಲಕರ್ಮಿಗಳು ಮತ್ತು ತಜ್ಞರು ಜಪಾನಿಗೆ ಹೋಗಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಖಡಕ್ಕಾಗಿಯೇ ಹೇಳಬೇಕಾಗಿದೆ. ಈ ಅಂಕಿಗಳನ್ನೇ ತೋರಿಸಿ "ಮೂರು ತಿಂಗಳ ಕೋರ್ಸ್, ಆಮೇಲೆ ಜಪಾನಿನಲ್ಲಿ ನೌಕರಿ ಗ್ಯಾರಂಟಿ" ಎನ್ನುವವರು ಬಾಗಿಲಿಗೆ ಬರುತ್ತಾರೆ. ದುಡ್ಡು ಕೊಡುವ ಮೊದಲು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಆ ಏಜೆಂಟನ ನೋಂದಣಿ ಇದೆಯೇ ನೋಡಿ. ಇಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಸಿ. 2019ರಲ್ಲಿ ಜಪಾನ್ ತೆರೆದ 'ನಿರ್ದಿಷ್ಟ ಕೌಶಲದ ಕೆಲಸಗಾರ' ವೀಸಾಕ್ಕೆ ಭಾರತದ ಜೊತೆ ಒಪ್ಪಂದ ಆದದ್ದು 2021ರ ಜನವರಿಯಲ್ಲಿ. ಅದಕ್ಕೆ ಕೌಶಲ ಪರೀಕ್ಷೆಯ ಜೊತೆಗೆ ಭಾಷೆಯ ಪರೀಕ್ಷೆಯೂ ಪಾಸಾಗಬೇಕು, ಕೆಳಗಿನಿಂದ ಎರಡನೆಯ ಮೆಟ್ಟಿಲಾದ ಎನ್4 ಮಟ್ಟವಾದರೂ ಬೇಕು. ಮೊದಲ ಹಂತದ ಆ ವೀಸಾದಲ್ಲಿ ಸಾಮಾನ್ಯವಾಗಿ ಹೆಚ್ಚೆಂದರೆ ಐದು ವರ್ಷ ಇರಬಹುದು, ಹೆಂಡತಿ-ಮಕ್ಕಳನ್ನು ಕರೆದುಕೊಂಡು ಹೋಗುವಂತಿಲ್ಲ. ಮರ್ಯಾದೆಯ ಕೆಲಸವೇ, ಹೋಗುವವರು ಹೋಗಲಿ. ಆದರೆ ಅಲ್ಪಸ್ವಲ್ಪ ಭಾಷೆ ಕಲಿತು ಹೋಗುವವರಿಗೂ ಭಾಷೆಯನ್ನು ಆಳವಾಗಿ ಓದಿ ಹೋಗುವವರಿಗೂ ಆ ದೇಶ ತೆರೆಯುವ ಬಾಗಿಲುಗಳು ಬೇರೆ ಬೇರೆ. ಉನ್ನತ ಕೌಶಲದ ತಜ್ಞರಿಗೆ ಜಪಾನ್ ಕೊಡುವ ವೀಸಾದ ಅಂಕಪಟ್ಟಿಯಲ್ಲಿ ಭಾಷಾ ಪರೀಕ್ಷೆಯ ಎನ್2 ಪಾಸಾದವರಿಗೆ 10 ಅಂಕ, ಎನ್1 ಪಾಸಾದವರಿಗೆ 15 ಅಂಕ ಇವೆ.

ಎನ್5ರಿಂದ ಎನ್1ರವರೆಗಿನ ಈ ಐದು ಮೆಟ್ಟಿಲುಗಳ ಪರೀಕ್ಷೆ ಜೆಎಲ್‌ಪಿಟಿ. ಜುಲೈ ಮತ್ತು ಡಿಸೆಂಬರ್ ತಿಂಗಳ ಮೊದಲ ಭಾನುವಾರ ನಡೆಯುತ್ತದೆ. ಬೆಂಗಳೂರು, ಪುಣೆ ಎರಡರಲ್ಲೂ ಕೇಂದ್ರಗಳಿವೆ. ಎನ್5 ಎಂದರೆ ಅಂಗಳ. ಕಂಪನಿಗಳು ಸಾಮಾನ್ಯವಾಗಿ ಕೇಳುವುದು ಎನ್3 ಅಥವಾ ಎನ್2. ಕೊರಿಯನ್ನಿಗೆ ಆರು ಮಟ್ಟದ ಟೋಪಿಕ್ ಇದೆ, ಚೀನಿಗೆ ಎಚ್‌ಎಸ್‌ಕೆ.

ಈಗ ನಮ್ಮ ಮಕ್ಕಳ ಮಾತು.

ಬೆಳಗಾವಿಯ ಮಗುವಿಗೆ ಭಾಷೆ ಹೊಸದಲ್ಲ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ಟಿವಿಯಲ್ಲಿ ಹಿಂದಿ. ಖಾನಾಪುರದ ಕಡೆಯಾದರೆ ಕೊಂಕಣಿಯೂ ಕಿವಿಗೆ ಬಿದ್ದಿರುತ್ತದೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ಹಾರಿ ಮತ್ತೆ ಮರಳುವುದು ಆರು ವರ್ಷಕ್ಕೇ ಬಂದಿರುತ್ತದೆ. ಕರ್ನಾಟಕ-ಮಹಾರಾಷ್ಟ್ರ ಗಡಿಯ ಜಗಳದಲ್ಲಿ ಈ ಸಂಪತ್ತನ್ನು ನಾವು ದೊಡ್ಡವರು ಲೆಕ್ಕಕ್ಕೇ ಹಿಡಿಯಲಿಲ್ಲ.

ಮೇಲಾಗಿ, ಕನ್ನಡದ ಮಗುವಿಗೆ ಜಪಾನಿ ಭಾಷೆ ಇಂಗ್ಲಿಷ್ ಮಗುವಿಗಿಂತ ಬೇಗ ಒಗ್ಗುತ್ತದೆ. ಮನೆಯಲ್ಲೇ ಪರೀಕ್ಷಿಸಬಹುದು. ಜಪಾನಿ ಹಿರಗಾನ ಅಕ್ಷರಗಳ ಪಟ್ಟಿಯನ್ನು ಮಗಳ ಫೋನಿನಲ್ಲಿ ತೆರೆಸಿ, ಅಜ್ಜಿಗೆ ಕೇಳುವಂತೆ ಅವಳಿಂದ ಗಟ್ಟಿಯಾಗಿ ಓದಿಸಿ. ಮೊದಲ ಸಾಲು ಅ, ಇ, ಉ, ಎ, ಒ. ಎರಡನೆಯದು ಕ, ಕಿ, ಕು, ಕೆ, ಕೊ. ಸಾಲುಗಳ ತಲೆಯಲ್ಲಿ ಬರುವ ಅಕ್ಷರಗಳನ್ನಷ್ಟೇ ಓದಿದರೆ ಕ, ಸ, ತ, ನ, ಹ, ಮ, ಯ, ರ, ವ. ಅಜ್ಜಿಗೆ ಬಳ್ಳಿಯ ಗುರುತು ಸಿಕ್ಕೇ ಸಿಗುತ್ತದೆ, ಏಕೆಂದರೆ ಅದು ಬಹುಮಟ್ಟಿಗೆ ನಮ್ಮ ವರ್ಣಮಾಲೆಯದೇ ಕ್ರಮ. ಸಿದ್ಧಂ ಲಿಪಿಯಲ್ಲಿ ಸಂಸ್ಕೃತ ಕಲಿತ ಬೌದ್ಧ ಭಿಕ್ಷುಗಳ ಮೂಲಕ ಭಾರತದ ಧ್ವನಿಶಾಸ್ತ್ರ ಜಪಾನಿಗೆ ಹೋಗಿ ಆ ಪಟ್ಟಿಯನ್ನು ಜೋಡಿಸಿತು. 46 ಮೂಲ ಅಕ್ಷರಗಳು, ನಮ್ಮ ಕಾಗುಣಿತಕ್ಕಿಂತ ಎಷ್ಟೋ ಚಿಕ್ಕದು.

ವಾಕ್ಯವೂ ಹಾಗೆಯೇ. 'ನಾಳೆ ಅಪ್ಪನ ಜೊತೆ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗುತ್ತೇನೆ' ಎಂಬುದನ್ನು ಜಪಾನಿಯಲ್ಲಿ 'ಅಶಿತಾ ಚಿಚಿ ತೊ ಬಸು ದೆ ಧಾರವಾಡ ನಿ ಇಕಿಮಾಸು' ಎನ್ನುತ್ತಾರೆ. ಪದಕ್ಕೆ ಪದ ಇಟ್ಟು ನೋಡಿ, ಒಂದೂ ಜಾಗ ಬಿಟ್ಟು ಕದಲುವುದಿಲ್ಲ. 'ಜೊತೆ' ಇದ್ದಲ್ಲಿ 'ತೊ', 'ಅಲ್ಲಿ' ಇದ್ದಲ್ಲಿ 'ದೆ', 'ಕ್ಕೆ' ಇದ್ದಲ್ಲಿ 'ನಿ', ಕ್ರಿಯಾಪದ ಕೊನೆಗೆ, 'ನಾನು' ಎಂದು ಹೇಳದಿದ್ದರೂ ನಡೆಯುತ್ತದೆ. ಕೊರಿಯನ್ ಭಾಷೆಯ ಜಾಡೂ ಇದೇ. ಇಂಗ್ಲಿಷಿನ ಮಗು ಈ ವಾಕ್ಯವನ್ನು ತಲೆಕೆಳಗು ಮಾಡಿಕೊಂಡು ಕಲಿಯಬೇಕು. ನಮ್ಮ ಮಗು ಇದ್ದಲ್ಲೇ ಇಟ್ಟುಕೊಂಡು ಕಲಿಯುತ್ತದೆ. ಈ ಹೋಲಿಕೆಯಿಂದ ಎರಡು ಭಾಷೆಗಳು ಒಂದೇ ತಾಯಿಯ ಮಕ್ಕಳು ಎಂದುಕೊಳ್ಳಬೇಕಿಲ್ಲ. ಜಪಾನಿನ ವಿದ್ವಾಂಸ ಸುಸುಮು ಓನೊ ತಮಿಳಿಗೂ ಜಪಾನಿಗೂ ನಂಟು ಹಚ್ಚಿದ್ದರು, ಬಹುಪಾಲು ಭಾಷಾವಿಜ್ಞಾನಿಗಳು ಅದನ್ನು ಒಪ್ಪಿಲ್ಲ. ನಂಟು ಇರಲಿ ಬಿಡಲಿ, ಕಲಿಯುವವರಿಗೆ ಅನುಕೂಲವಂತೂ ಇದೆ.

ಕಷ್ಟ ಇರುವುದು ಬರವಣಿಗೆಯಲ್ಲಿ, ಅದನ್ನು ಮುಚ್ಚಿಡಬಾರದು. ಜಪಾನಿನ ನಿತ್ಯಬಳಕೆಗೆ ಸರ್ಕಾರ ಗೊತ್ತುಮಾಡಿದ, ಚೀನಿ ಮೂಲದ ಕಾಂಜಿ ಅಕ್ಷರಗಳೇ 2,136. ಚೀನಿಯಲ್ಲಿ ಅದಕ್ಕಿಂತ ಹೆಚ್ಚು ಬೇಕು, ಜೊತೆಗೆ ಸ್ವರದ ಏರಿಳಿತ ತಪ್ಪಿದರೆ ಅರ್ಥವೇ ಬೇರೆ. ಕೊರಿಯನ್ನರ ಹಂಗುಲ್ ಲಿಪಿ ಮಾತ್ರ ಸಲೀಸು. ಸೇಜೋಂಗ್ ದೊರೆ ಸಾಮಾನ್ಯ ಜನರಿಗಾಗಿಯೇ 1446ರಲ್ಲಿ ಅದನ್ನು ಹೊರತಂದ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಈ ಮೂರೂ ಭಾಷೆಗಳನ್ನು ಕಲಿಸಲು 88 ವಾರ, 2,200 ತರಗತಿ ತಾಸು ಇಟ್ಟುಕೊಳ್ಳುತ್ತದೆ. ನಮ್ಮವರಿಗೆ ಸ್ವಲ್ಪ ಕಡಿಮೆ ಸಾಕಾದೀತು, ಆದರೂ ಇದು ರಜೆಯಲ್ಲಿ ಮುಗಿಯುವ ವಿದ್ಯೆಯಲ್ಲ. ಫೋನಿನ ಆ್ಯಪಿನಲ್ಲಿ ಶುರುಮಾಡಬಹುದು, ಮುಗಿಸಲಾಗದು. ಮೂರು-ನಾಲ್ಕು ವರ್ಷ ದಿನವೂ ತರಗತಿ, ಗುರು, ಗ್ರಂಥಾಲಯ, ಜೊತೆಗೆ ಕಲಿಯುವ ಗೆಳೆಯರು ಬೇಕು. ಅದು ಸಿಗುವುದು ವಿಶ್ವವಿದ್ಯಾಲಯದಲ್ಲಿ.

ಎಲ್ಲಿ ಓದಬಹುದು? ದಿಲ್ಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿ ಜಪಾನಿ, ಕೊರಿಯನ್, ಚೀನಿ ಮೂರಕ್ಕೂ ಬಿ.ಎ. ಆನರ್ಸ್ ಇದೆ, ಅಕ್ಷರಾಭ್ಯಾಸದಿಂದಲೇ ಶುರು. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ನಮಗೆ ಇನ್ನೂ ಹತ್ತಿರ. ಶಾಂತಿನಿಕೇತನದಲ್ಲಿ ರವೀಂದ್ರನಾಥ ಠಾಕೂರರು 1937ರಲ್ಲಿ ಆರಂಭಿಸಿದ ಚೀನಾ ಭವನವಿದೆ, 1994ರಿಂದ ನಿಪ್ಪಾನ್ ಭವನವೂ ಇದೆ. ಬೆಳಗಾವಿಯವರಿಗೆ ರಾತ್ರಿ ಬಸ್ಸಿನ ದೂರದಲ್ಲಿರುವ ಪುಣೆ ಜಪಾನಿ ಕಲಿಕೆಗೆ ದೇಶದಲ್ಲೇ ಹೆಸರಾದ ಊರು. ಅಲ್ಲಿನ ವಿಶ್ವವಿದ್ಯಾಲಯದ ವಿದೇಶಿ ಭಾಷಾ ವಿಭಾಗ ರಾನಡೆ ಸಂಸ್ಥೆಯ ಆವರಣದಲ್ಲಿದೆ, ಟಿಳಕ ಮಹಾರಾಷ್ಟ್ರ ವಿದ್ಯಾಪೀಠವೂ ಇದೆ. ಬೆಂಗಳೂರಿನಲ್ಲಿ ಸೆಂಟ್ರಲ್ ಕಾಲೇಜಿನ ಆವರಣದ ಬೆಂಗಳೂರು ನಗರ ವಿಶ್ವವಿದ್ಯಾಲಯದಲ್ಲಿ ಜಾಗತಿಕ ಭಾಷೆಗಳ ಕೇಂದ್ರವಿದ್ದು, ಬೇರೆ ಪದವಿ ಓದುತ್ತಲೇ ಅಲ್ಲಿ ಭಾಷೆ ಕಲಿಯಬಹುದು. ಕೇಂದ್ರೀಯ ವಿಶ್ವವಿದ್ಯಾಲಯಗಳ ಶುಲ್ಕ ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಶುಲ್ಕಕ್ಕೆ ಹೋಲಿಸಿದರೆ ಏನೂ ಅಲ್ಲ.

ನಮ್ಮವರು ತಪ್ಪಿಸಿಕೊಳ್ಳುವುದು ಒಂದೇ ಜಾಗದಲ್ಲಿ. ಈ ವಿಶ್ವವಿದ್ಯಾಲಯಗಳಲ್ಲಿ ಹಲವಕ್ಕೆ ಪ್ರವೇಶ 2022ರಿಂದ ಸಿಯುಇಟಿ ಎಂಬ ಪರೀಕ್ಷೆಯ ಮೂಲಕ. ಅದಕ್ಕೆ ಅರ್ಜಿ ಹಾಕುವ ಗಡುವು ಸಾಮಾನ್ಯವಾಗಿ ವರ್ಷದ ಮೊದಲ ತಿಂಗಳುಗಳಲ್ಲೇ ಮುಗಿಯುತ್ತದೆ. ಪಿಯುಸಿ ಫಲಿತಾಂಶ ಬಂದ ಮೇಲೆ ವಿಚಾರ ಮಾಡಿದರೆ ಆ ಬಾಗಿಲು ಆಗಲೇ ಮುಚ್ಚಿರುತ್ತದೆ. ಸಿಇಟಿ, ನೀಟ್ ಅರ್ಜಿಗಳ ಜೊತೆಗೆ ಇದನ್ನೂ ತುಂಬಿಸಿ. ಹಣದ ಚಿಂತೆ ಇದ್ದವರು ಜಪಾನ್ ಸರ್ಕಾರದ ಮೆಕ್ಸ್ಟ್ ವಿದ್ಯಾರ್ಥಿವೇತನ, ಕೊರಿಯಾದ ಗ್ಲೋಬಲ್ ಕೊರಿಯಾ ಸ್ಕಾಲರ್‌ಶಿಪ್ ಎರಡನ್ನೂ ನೋಡಲಿ. ಕೊರಿಯಾದ್ದರಲ್ಲಿ ಪದವಿಗೆ ಮುಂಚೆ ಒಂದು ವರ್ಷ ಭಾಷೆಯನ್ನೇ ಕಲಿಸುತ್ತಾರೆ.

ಎಲ್ಲ ಮಕ್ಕಳೂ ಎಂಜಿನಿಯರಿಂಗ್ ಬಿಟ್ಟು ಬಿ.ಎ.ಗೆ ಹೋಗಲಿ ಎಂಬ ಸಲಹೆ ಇದಲ್ಲ. ಗಣಿತದಲ್ಲಿ ಮನಸ್ಸಿರುವವರು ಎಂಜಿನಿಯರಿಂಗನ್ನೇ ಮಾಡಲಿ, ಜೊತೆಗೆ ಮೊದಲ ವರ್ಷದಿಂದ ಒಂದು ಭಾಷೆ ಹಿಡಿದು ಪದವಿ ಮುಗಿಯುವಷ್ಟರಲ್ಲಿ ಎನ್3 ದಾಟಲಿ. ಹಾಗೆ ಮಾಡಿದವರ ಅರ್ಜಿ ನೂರಾರು ಅರ್ಜಿಗಳ ನಡುವೆ ಎದ್ದು ಕಾಣುತ್ತದೆ. ಭಾಷೆ, ಸಾಹಿತ್ಯ, ಚರಿತ್ರೆಯ ಕಡೆ ಒಲವಿರುವ ಮಗುವನ್ನು ಮಾತ್ರ ಬಲವಂತದಿಂದ ಸರ್ಕ್ಯೂಟಿನ ಮುಂದೆ ಕೂರಿಸಬೇಡಿ. ಅವರು ಭಾಷಾ ಪದವಿಯನ್ನೇ ಮಾಡಲಿ, ಅದರ ಜೊತೆ ಲೆಕ್ಕಪತ್ರವೋ ಪ್ರವಾಸೋದ್ಯಮವೋ ಬೋಧನೆಯೋ ಎರಡನೆಯ ಕಸುಬೊಂದನ್ನು ಇಟ್ಟುಕೊಳ್ಳಲಿ. ಭಾಷೆಯೊಂದರ ಮೇಲೆ ಪೂರ್ತಿ ಭಾರ ಹಾಕುವುದು ಸರಿಯಲ್ಲ ಎಂದು ಈ ಕ್ಷೇತ್ರದಲ್ಲಿ ದುಡಿಯುವವರೇ ಹೇಳುತ್ತಾರೆ.

"ಫೋನೇ ಅನುವಾದ ಮಾಡತೈತಲ್ರೀ" ಎಂಬ ಮಾತೂ ಬರುತ್ತದೆ. ಮಾಡುತ್ತದೆ, ದಿನೇದಿನೇ ಚೆನ್ನಾಗಿಯೇ ಮಾಡುತ್ತಿದೆ. ಬರೀ ಪತ್ರ ಅನುವಾದಿಸುವ ಕೆಲಸ ಮುಂದೆ ಕಡಿಮೆಯಾಗುವುದೂ ನಿಜ. ಆದರೆ ಜಪಾನಿನ ಕಂಪನಿಯಲ್ಲಿ ನಿರ್ಧಾರ ಹೇಗೆ ಆಗುತ್ತದೆ ಎಂದು ಗಮನಿಸಿ. ಸಭೆಗೆ ಮುಂಚೆಯೇ ಸಂಬಂಧಪಟ್ಟ ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಕಂಡು, ಅನುಮಾನ ಬಗೆಹರಿಸಿ, ಒಪ್ಪಿಗೆ ಪಡೆದಿರುತ್ತಾರೆ. ಸಭೆ ಅದಕ್ಕೆ ಮುದ್ರೆ ಒತ್ತುವ ಜಾಗ. ಇದು ತಿಳಿಯದ ನಮ್ಮ ಹುಡುಗ ಸಭೆಯಲ್ಲೇ ಎದ್ದು ಹೊಸ ಸಲಹೆ ಮುಂದಿಟ್ಟರೆ, ಸಲಹೆ ಎಷ್ಟೇ ಒಳ್ಳೆಯದಿರಲಿ, ಎದುರಿನವರು ಸುಮ್ಮನಾಗುತ್ತಾರೆ. ಆ ಮೌನವನ್ನು ಯಾವ ಫೋನೂ ಅನುವಾದಿಸುವುದಿಲ್ಲ. ಕೊರಿಯಾದಲ್ಲಿ ಹಿರಿಯರಿಗೆ ಒಂದು ಕ್ರಿಯಾರೂಪ, ಸಮವಯಸ್ಕರಿಗೆ ಇನ್ನೊಂದು. ಹಿರಿಯರಿಗೆ ಏನು ಕೊಟ್ಟರೂ ಎರಡು ಕೈಯಲ್ಲಿ ಕೊಡಬೇಕು. ನಮ್ಮ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ಇದು ಅರ್ಥವಾಗುವುದು ಕಷ್ಟವಲ್ಲ, ಆದರೆ ಯಾರಾದರೂ ಹೇಳಿಕೊಡಬೇಕು. ಭಾಷೆಯ ಜೊತೆ ಸಂಸ್ಕೃತಿಯನ್ನೂ ಓದಿ ಎಂದು ಒತ್ತಿ ಹೇಳುವುದು ಇದಕ್ಕಾಗಿಯೇ.

ಭಾಷೆ ಕಲಿತವರು ಏನು ಸಾಧಿಸಬಹುದು ಎಂಬುದಕ್ಕೆ ನಮ್ಮ ಪಕ್ಕದ ಸೊಲ್ಲಾಪುರವೇ ಸಾಕ್ಷಿ. ಕನ್ನಡ-ಮರಾಠಿ ಎರಡೂ ಬೆರೆತ ಆ ಊರಿನಲ್ಲಿ 1910ರಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನಿಸ್ 1938ರಲ್ಲಿ ಐವರು ವೈದ್ಯರ ತಂಡದಲ್ಲಿ ಚೀನಾಕ್ಕೆ ಹೋದರು. ಯುದ್ಧದ ನಡುವೆ ಚೀನಿ ಕಲಿತರು, ರೋಗಿಗಳ ಜೊತೆ ಆ ಭಾಷೆಯಲ್ಲಿ ಮಾತಾಡಿದರು, ವೈದ್ಯ ವಿದ್ಯಾರ್ಥಿಗಳಿಗೆ ಅದರಲ್ಲೇ ಪಾಠ ಹೇಳಿದರು. 1942ರಲ್ಲಿ ಅಲ್ಲೇ ತೀರಿಕೊಂಡರು. ಚೀನಾ ಇಂದಿಗೂ ಅವರನ್ನು ಗೌರವಿಸುತ್ತದೆ. ಅಲ್ಲಿ ಎಂಬಿಬಿಎಸ್ ಓದಲು ಮಕ್ಕಳನ್ನು ಕಳಿಸಿದ ಮನೆಗಳು ನಮ್ಮ ಜಿಲ್ಲೆಯಲ್ಲೂ ಇವೆ. ಪಾಠ ಇಂಗ್ಲಿಷಿನಲ್ಲಿ ನಡೆದರೂ ವಾರ್ಡಿನಲ್ಲಿ ರೋಗಿಯ ಮುಂದೆ ನಿಂತಾಗ ಚೀನಿ ಬೇಕೇ ಬೇಕಾಗುತ್ತದೆ ಎಂದು ಅವರಿಗೆ ಗೊತ್ತು.

ಚೀನಿ ಎಂದ ಕೂಡಲೇ ಹಲವರ ಹುಬ್ಬು ಗಂಟಾಗುತ್ತದೆ. 2020ರ ಗಲ್ವಾನ್ ಗಡಿ ಘರ್ಷಣೆಯ ನಂತರ ಅದು ಸಹಜ. ಅದೇ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿ ಶಾಲೆಯಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳಿಗೆ ಉದಾಹರಣೆ ಕೊಡುವಾಗ ಜಪಾನಿ, ಕೊರಿಯನ್ ಹೆಸರು ಹೇಳಿ, ಕರಡಿನಲ್ಲಿದ್ದ ಚೀನಿಯನ್ನು ಕೈಬಿಟ್ಟಿತು. ಆದರೆ ಗಡಿಯಾಚೆಯ ದೇಶ ಮಿತ್ರನಾಗಿರಲಿ, ಪೈಪೋಟಿಯವನಾಗಿರಲಿ, ಅವನ ಪತ್ರಿಕೆ, ಅವನ ದಾಖಲೆ, ಅವನ ಯಂತ್ರದ ಕೈಪಿಡಿ ಓದಬಲ್ಲವರು ನಮ್ಮಲ್ಲಿ ಬೇಕು. 2025ರ ಅಕ್ಟೋಬರಿನಲ್ಲಿ ಎರಡು ದೇಶಗಳ ನಡುವೆ ನೇರ ವಿಮಾನ ಮತ್ತೆ ಶುರುವಾಗಿದೆ. ವ್ಯಾಪಾರವಂತೂ ನಿಂತೇ ಇರಲಿಲ್ಲ. ಕಲಿಯುವವರು ಕಡಿಮೆಯಾದಷ್ಟೂ ಕಲಿತವರ ಬೆಲೆ ಹೆಚ್ಚುತ್ತದೆ.

ನೌಕರಿಯಾಚೆಗೂ ಒಂದು ಋಣವಿದೆ. ಸುಮಾರು 641ರಲ್ಲಿ ದಖ್ಖನಿಗೆ ಬಂದ ಚೀನಿ ಯಾತ್ರಿಕ ಹ್ಯುಯೆನ್ ತ್ಸಾಂಗ್ ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದದ್ದು ಚೀನಿಯಲ್ಲಿ. ಪುಲಕೇಶಿಯ ಮೇಲೆ ಪಾಠ ಓದಿದ ಕನ್ನಡಿಗರಿಗೆ ಆ ಬರಹ ತಲುಪಿದ್ದು ಬಹುಮಟ್ಟಿಗೆ ಸ್ಯಾಮ್ಯುಯೆಲ್ ಬೀಲ್ 1884ರಲ್ಲಿ ಮಾಡಿದಂಥ ಇಂಗ್ಲಿಷ್ ಅನುವಾದಗಳ ಮೂಲಕ. ಬಾಗಲಕೋಟೆಯ ಇಲ್ಲವೇ ಬೆಳಗಾವಿಯ ಮಗಳೊಬ್ಬಳು ಆ ಪುಟಗಳನ್ನು ಮೂಲದಲ್ಲೇ ಓದಿ ನೇರವಾಗಿ ಕನ್ನಡಕ್ಕೆ ತಂದರೆ ಎಷ್ಟು ಚೆನ್ನ. ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನಿಗೆ ಹೋಗಿ ಅದರ ಕೈಗಾರಿಕೆ, ಶಿಕ್ಷಣವನ್ನು ಕಣ್ಣಾರೆ ಕಂಡು ಬಂದಿದ್ದರು. ಆ ಹೊತ್ತಿನಲ್ಲೇ ಜಮ್‌ಸೆಟ್‌ಜಿ ಟಾಟಾ ಜಪಾನಿ ರೇಷ್ಮೆ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿಸಿದರು. ಬಸವನಗುಡಿಯ ಬಳಿ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಈಗಲೂ ಉಳಿದಿದೆ. 1991ರಿಂದ ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯ ಜೊತೆ ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾ ಸೇರಿ ದ್ವಿತಳಿ ರೇಷ್ಮೆಯ ಕೆಲಸ ಮಾಡಿತು. ಒಂದು ಶತಮಾನದಿಂದ ತಜ್ಞರು ಬರುತ್ತಲೇ ಇದ್ದಾರೆ, ಅವರ ಭಾಷೆ ಕಲಿತವರು ಮಾತ್ರ ಬೆರಳೆಣಿಕೆ.

ಖಾನಾಪುರದವರಿಗೆ ಒಂದು ವಿಶೇಷ ಮಾತು. ನಿಮ್ಮೂರ ಮಣ್ಣು ಹೆಂಚಿಗೆ, ಕುಂಬಾರಿಕೆಗೆ ಹೆಸರಾದದ್ದು. ಖಾದಿ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ನಿಮ್ಮಲ್ಲೇ ಇದೆ. ಮಣ್ಣಿನ ಕಲೆಯಲ್ಲಿ ಜಪಾನಿಗಿಂತ ದೊಡ್ಡ ಪಾಠಶಾಲೆ ಜಗತ್ತಿನಲ್ಲಿ ಕಡಿಮೆ. ಭಾರತದ ಸ್ಟುಡಿಯೋ ಕುಂಬಾರಿಕೆಗೆ ಅಡಿಪಾಯ ಹಾಕಿದ ಸರ್ದಾರ್ ಗುರುಚರಣ್ ಸಿಂಗ್ 1919ರಲ್ಲಿ ಅಲ್ಲಿಗೇ ಹೋಗಿ ಕಲಿತು ಬಂದರು. ಖಾನಾಪುರದ ಕುಂಬಾರರ ಮನೆಯ ಮಗ ಜಪಾನಿ ಓದಿ, ಅಲ್ಲಿನ ಭಟ್ಟಿಗಳ ಮುಂದೆ ಕೆಲಸ ಮಾಡಿ ಬಂದರೆ ಊರ ಕಸುಬಿಗೇ ಹೊಸ ಮಾರುಕಟ್ಟೆ ತೆರೆದೀತು.

ಈಗ ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಮಗಳು ಹೆಡ್‌ಫೋನ್ ಹಾಕಿ ಕೊರಿಯನ್ ಧಾರಾವಾಹಿ ನೋಡುತ್ತಿದ್ದರೆ ಬೈಯುವ ಮೊದಲು, ಅದರಲ್ಲಿ ಎಷ್ಟು ಅರ್ಥವಾಗುತ್ತದೆ ಎಂದು ಕೇಳಿ. ಈ ಬಡಾವಣೆಯ ಹಲವು ಮನೆಗಳಲ್ಲಿ ನಾನೇ ಕಂಡಂತೆ, ಹಂಗುಲ್ ಲಿಪಿಯನ್ನು ಯಾರ ಸಹಾಯವೂ ಇಲ್ಲದೆ ಕಲಿತ ಹುಡುಗಿಯರಿದ್ದಾರೆ. ತಂದೆ-ತಾಯಿಗೆ ಅದು ಗೊತ್ತೇ ಇಲ್ಲ, ಹೇಳಿದರೆ ಬೈಗುಳ ಎಂದು ಅವರೂ ಹೇಳಿಲ್ಲ. ಆ ಆಸೆಯನ್ನು ಟೈಮ್‌ಪಾಸ್ ಎಂದು ತಳ್ಳಿಹಾಕಬೇಡಿ. ಒಂದು ವರ್ಷ ಎನ್5 ಅಥವಾ ಟೋಪಿಕ್ ಮೊದಲ ಮಟ್ಟದ ಪರೀಕ್ಷೆ ಬರೆಸಿ ನೋಡಿ. ಪಾಸಾಗಿ ಇನ್ನೂ ಬೇಕು ಎಂದರೆ ಪದವಿಯ ಮಾತು ಎತ್ತಿ. ಹೆಣ್ಣುಮಗಳನ್ನು ದಿಲ್ಲಿ, ಹೈದರಾಬಾದಿಗೆ ಕಳಿಸುವ ಭಯವಿದ್ದರೆ ಪುಣೆಯಿಂದ ಶುರುಮಾಡಿ. ಪುಣೆಯಲ್ಲಿ ನೆಂಟರಿಲ್ಲದ ಮನೆ ನಮ್ಮಲ್ಲಿ ಯಾವುದಿದೆ?

ಎರಡನೆಯದು, ಒಬ್ಬೊಬ್ಬರೇ ಮಾಡಲಾಗದ ಕೆಲಸ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ನಮ್ಮೂರ ಮಚ್ಛೆಯಲ್ಲಿದೆ. 2010ರಲ್ಲಿ ಹುಟ್ಟಿದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯಲ್ಲೇ ಇದೆ. 1916ರಿಂದ ಈ ನಾಡಿಗೆ ಅಕ್ಷರ ಹಂಚುತ್ತಿರುವ ಕೆಎಲ್‌ಇ ಸಂಸ್ಥೆ ಇಲ್ಲೇ ಇದೆ. ಇವರಿಗೆ ಪಾಲಕರೆಲ್ಲ ಸೇರಿ ಬರೆಯೋಣ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲಿ ಪೂರ್ವ ಏಷ್ಯಾದ ಭಾಷೆ-ಸಂಸ್ಕೃತಿಗಳ ಪದವಿ ವಿಭಾಗ ಬೇಕು. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನಾಲ್ಕು ವರ್ಷವೂ ಮುಂದುವರಿಸಬಹುದಾದ, ಅಂಕ ಸಿಗುವ ಜಪಾನಿ ಮತ್ತು ಕೊರಿಯನ್ ಪಾಠ ಬೇಕು. ಒಂದು ಸೆಮಿಸ್ಟರ್ ಕಲಿಸಿ ಕೈಬಿಡುವುದಾದರೆ ಬೇಡವೇ ಬೇಡ. ಉತ್ತರ ಕರ್ನಾಟಕದ ಮಕ್ಕಳಿಗಾಗಿ ಬೆಳಗಾವಿಯಲ್ಲೋ ಹುಬ್ಬಳ್ಳಿ-ಧಾರವಾಡದಲ್ಲೋ ಜೆಎಲ್‌ಪಿಟಿ ಕೇಂದ್ರವೊಂದು ಬೇಕು. ಕಲಿಸುವವರು ಎಲ್ಲಿ ಸಿಗುತ್ತಾರೆ ಎನ್ನಬೇಡಿ, 2025ರ ಆಗಸ್ಟಿನಿಂದ ಬೆಳಗಾವಿಗೂ ಬೆಂಗಳೂರಿಗೂ ವಂದೇ ಭಾರತ್ ರೈಲು ಓಡುತ್ತಿದೆ. ನಿವೃತ್ತ ದುಭಾಷಿಗಳನ್ನು, ಜಪಾನಿನಲ್ಲಿ ದುಡಿದು ಬಂದ ಕನ್ನಡಿಗರನ್ನು ವಾರಕ್ಕೊಮ್ಮೆ ಕರೆಸಿ ಪಾಠ ಹೇಳಿಸುವುದು ಈಗ ಅಸಾಧ್ಯವೇನಲ್ಲ.

ನಮ್ಮ ಬಡಾವಣೆಯಲ್ಲೇ ಸಭೆ ಸೇರುವ ಭವನಗಳಿವೆ, ಸಂಘಗಳಿವೆ, ಭಾನುವಾರದ ಬಿಡುವೂ ಇದೆ. ಮುಂದಿನ ಸಭೆಯಲ್ಲಿ ಈ ಪತ್ರವನ್ನು ಗಟ್ಟಿಯಾಗಿ ಓದಿಸಿ, ಮಕ್ಕಳನ್ನೂ ಕೂರಿಸಿಕೊಂಡು ಚರ್ಚಿಸಿ. ವಿಶ್ವವಿದ್ಯಾಲಯಗಳಿಗೆ ಬರೆಯುವ ಮನವಿಗೆ ಸಹಿ ಹಾಕಿ. ಈ ವರ್ಷ ದ್ವಿತೀಯ ಪಿಯುಸಿಗೆ ಕಾಲಿಟ್ಟ ಮಗುವಿದ್ದರೆ, ಸಿಯುಇಟಿ ಅರ್ಜಿ ಕರೆದ ವಾರವೇ ಅದನ್ನು ತುಂಬಿಸಿ.

ಇಂತಿ ತಮ್ಮ ವಿಶ್ವಾಸಿ,
ಮಹಾಂತೇಶ ನಗರದ ಒಬ್ಬ ನಿವಾಸಿ
ಬೆಳಗಾವಿ